ಅಧಿಕಾರಿ ಎದುರಿಗಿದ್ದಾಗ ಮಾತ್ರ ಸರಿ ಅಳೆಯುವ ಯಂತ್ರ: 2017ರ ಲಖನೌ ಪೆಟ್ರೋಲ್ ಬಂಕ್ ಪ್ರಕರಣ

2017ರ ಏಪ್ರಿಲ್ 27ರಂದು ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ ಲಖನೌ ನಗರದ ಏಳು ಪೆಟ್ರೋಲ್ ಬಂಕ್‌ಗಳ ಮೇಲೆ ದಾಳಿ ಮಾಡಿ, ಇಂಧನ ತುಂಬುವ ಯಂತ್ರಗಳ ಹೊದಿಕೆ ಬಿಚ್ಚಿಸಿತು. ಕಾರ್ಖಾನೆಯಲ್ಲಿ ಜೋಡಿಸಿದ ತಂತಿಗಳ ನಡುವೆ ಅಲ್ಲಿರಬಾರದ ಚಿಕ್ಕ ಎಲೆಕ್ಟ್ರಾನಿಕ್ ಚಿಪ್ ಸಿಕ್ಕಿತು. ಅದನ್ನು ರಿಮೋಟ್ ಒತ್ತಿ ಚಾಲೂ ಮಾಡಬಹುದಿತ್ತು, ರಿಮೋಟ್ ಒತ್ತಿಯೇ ಮಲಗಿಸಬಹುದಿತ್ತು. ಚಾಲೂ ಇದ್ದಷ್ಟು ಹೊತ್ತು ಗ್ರಾಹಕನಿಗೆ ಲೀಟರಿಗೆ 50-60 ಮಿಲಿಲೀಟರ್ ಕಡಿಮೆ ಬೀಳುತ್ತಿತ್ತು. ಡಿಸ್‌ಪ್ಲೇಯಲ್ಲಿ ಮಾತ್ರ ಪೂರಾ ಒಂದು ಲೀಟರ್. ಚಿಪ್ಪಿನ ಬೆಲೆ ಮೂರು ಸಾವಿರ ರೂಪಾಯಿಯ ಆಸುಪಾಸು ಎಂದು ಆಗಿನ ಪತ್ರಿಕೆಗಳು ಬರೆದವು. ಅದನ್ನು ಕೂರಿಸಿಕೊಡುತ್ತಿದ್ದವನು ಒಬ್ಬ ಎಲೆಕ್ಟ್ರಿಷಿಯನ್. ಪೊಲೀಸರು ಮೊದಲು ಹಿಡಿದದ್ದು ಅವನನ್ನೇ. ರಾಜ್ಯದ ಸಾವಿರದಷ್ಟು ಬಂಕ್‌ಗಳಿಗೆ ಇದನ್ನು ಜೋಡಿಸಿದ್ದೇನೆಂದು ಆತ ಹೇಳಿದ್ದಾಗಿ ವರದಿಯಾಯಿತು.

ಮೇ ತಿಂಗಳ ಮೊದಲ ದಿನಗಳಲ್ಲಿ ಡೀಲರ್‌ಗಳು ದಾಳಿಗಳನ್ನು ವಿರೋಧಿಸಿ ಲಖನೌದ ಬಂಕ್‌ಗಳನ್ನು ಮುಚ್ಚಿದರು, ಜನ ಪರದಾಡಿದರು. ಸುದ್ದಿಯಾಗಿ ಇದರ ಆಯುಸ್ಸು ಅಷ್ಟೇ. ಆದರೆ ಸರ್ಕಾರಿ ತಪಾಸಣೆ ಎಂಬ ವ್ಯವಸ್ಥೆ ಏನನ್ನು ಹಿಡಿಯಬಲ್ಲದು, ಏನನ್ನು ಹಿಡಿಯಲಾರದು ಎಂದು ತಿಳಿಯಬೇಕಾದರೆ ಇಷ್ಟು ಸ್ಪಷ್ಟವಾದ ಪ್ರಕರಣ ನಮ್ಮ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆ ಬಂಕ್‌ಗಳಲ್ಲೂ ವರ್ಷಕ್ಕೊಮ್ಮೆ ಯಂತ್ರಗಳ ಸತ್ಯಾಪನೆ, ಅಂದರೆ ಅಳತೆ ಸರಿಯಿದೆಯೇ ಎಂಬ ಸರ್ಕಾರಿ ಪರೀಕ್ಷೆ, ಆಗಬೇಕೆಂಬ ನಿಯಮ ಇತ್ತು. ಸೀಸದ ಮುದ್ರೆ ಹಾಕುವ ಅಧಿಕಾರಿಗಳಿದ್ದರು. ಐದು ಲೀಟರಿನ ಅಳತೆ ಪಾತ್ರೆ ಬಂಕ್‌ಗಳಲ್ಲೇ ಇಟ್ಟಿರುತ್ತಿತ್ತು. ಕೊನೆಗೆ ಮೋಸ ಹೊರಬಿದ್ದದ್ದು ಪಾತ್ರೆಯಿಂದಲ್ಲ, ಪೊಲೀಸರಿಗೆ ಬಂದ ಸುಳಿವಿನಿಂದ. ಹಾಗೇಕಾಯಿತು ಎಂಬುದೇ ಇಲ್ಲಿನ ವಿಚಾರ.

ಯಂತ್ರದ ಒಳಗೆ

ಬಂಕಿನ ಯಂತ್ರ ಲೀಟರನ್ನು ನೇರವಾಗಿ ಅಳೆಯುವುದಿಲ್ಲ. ನೆಲದಡಿಯ ಟ್ಯಾಂಕಿನಿಂದ ಮೇಲೆ ಬಂದ ಪೆಟ್ರೋಲ್ ಮೊದಲು ಗಾಳಿ ಬೇರ್ಪಡಿಸುವ ಕೋಣೆ ದಾಟಿ ಮೀಟರಿಗೆ ಬರುತ್ತದೆ. ಮೀಟರಿನಲ್ಲಿ ಸಾಮಾನ್ಯವಾಗಿ ನಾಲ್ಕು ಪಿಸ್ಟನ್‌ಗಳಿರುತ್ತವೆ. ದ್ರವ ಅವುಗಳನ್ನು ತಳ್ಳಿಕೊಂಡು ಹೋಗುತ್ತದೆ, ಪ್ರತಿ ಸುತ್ತಿಗೂ ಇಂತಿಷ್ಟೇ ಪ್ರಮಾಣ ಆಚೆ ದಾಟುತ್ತದೆ, ಜೊತೆಗೆ ಒಂದು ದಂಡ ತಿರುಗುತ್ತದೆ. ಇಷ್ಟರವರೆಗೆ ಎಲ್ಲವೂ ಲೋಹ ಮತ್ತು ದ್ರವ. ದಂಡದ ತುದಿಯಲ್ಲಿ ಪಲ್ಸರ್ ಎಂಬ ಭಾಗವಿದೆ. ಅದು ತಿರುಗುವಿಕೆಯನ್ನು ವಿದ್ಯುತ್ ಮಿಡಿತಗಳಾಗಿ ಬದಲಿಸುತ್ತದೆ. ಲೀಟರಿಗೆ ನೂರು ಮಿಡಿತ ಎಂದು ಇಟ್ಟುಕೊಳ್ಳೋಣ. ತಂತಿಯಲ್ಲಿ ಹೋದ ಮಿಡಿತಗಳನ್ನು ನಿಯಂತ್ರಣ ಫಲಕ ಎಣಿಸುತ್ತದೆ, ದರದಿಂದ ಗುಣಿಸುತ್ತದೆ, ಡಿಸ್‌ಪ್ಲೇಯಲ್ಲಿ ಲೀಟರು ಮತ್ತು ರೂಪಾಯಿ ತೋರಿಸುತ್ತದೆ.

ಹಳೆಯ ಕಾಲದ ಮೋಸವೆಲ್ಲ ಮೀಟರಿನಲ್ಲಿ ನಡೆಯುತ್ತಿತ್ತು. ಮೀಟರಿಗೆ ಹೊಂದಾಣಿಕೆಯ ಒಂದು ಚಕ್ರವಿದೆ. ಅದನ್ನು ಕೊಂಚ ತಿರುಗಿಸಿದರೆ ಪ್ರತಿ ಸುತ್ತಿಗೆ ದಾಟುವ ಪ್ರಮಾಣ ಬದಲಾಗುತ್ತದೆ. ಆದ್ದರಿಂದಲೇ ನಿರೀಕ್ಷಕರು ಪರೀಕ್ಷೆ ಮುಗಿಸಿ ಆ ಚಕ್ರದ ಮೂಲಕ ತಂತಿ ಹಾಯಿಸಿ, ಸೀಸದ ಗುಂಡಿ ಒತ್ತಿ, ಅದರ ಮೇಲೆ ವರ್ಷ ಮತ್ತು ತ್ರೈಮಾಸಿಕದ ಗುರುತು ಅಚ್ಚು ಹಾಕುತ್ತಾರೆ. ಚಕ್ರ ಮುಟ್ಟಬೇಕೆಂದರೆ ಮುದ್ರೆ ಒಡೆಯಲೇಬೇಕು.

ಲಖನೌದ ಎಲೆಕ್ಟ್ರಿಷಿಯನ್‌ಗೆ ಆ ಚಕ್ರದ ಗೊಡವೆಯೇ ಬೇಕಿರಲಿಲ್ಲ. ಅವನ ಚಿಪ್ ಕುಳಿತದ್ದು ಪಲ್ಸರ್ ಮತ್ತು ನಿಯಂತ್ರಣ ಫಲಕದ ನಡುವಣ ದಾರಿಯಲ್ಲಿ. 94 ಮಿಡಿತ ಬಂದರೆ ತಾನು ಆರು ಸೇರಿಸಿ ನೂರು ಮಾಡಿ ಮುಂದೆ ಕಳಿಸುತ್ತಿತ್ತು. ಮೀಟರ್ ಪ್ರಾಮಾಣಿಕವಾಗಿ 940 ಮಿಲಿಲೀಟರ್ ಅಳೆದಿದೆ, ಫಲಕ ಪ್ರಾಮಾಣಿಕವಾಗಿ ನೂರು ಮಿಡಿತ ಎಣಿಸಿದೆ. ಸುಳ್ಳು ಹೇಳಿದ್ದು ನಡುವಿನ ತಂತಿ. ಮೀಟರಿನ ಮೇಲೆ ಎಷ್ಟೇ ಗಟ್ಟಿಯಾದ ಮುದ್ರೆ ಇದ್ದರೂ ಈ ಸುಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಪರೀಕ್ಷೆ ಎಷ್ಟು ಸೂಕ್ಷ್ಮ, ಎಷ್ಟು ಕುರುಡು

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ ಇದ್ದದ್ದು 1976ರ ಮತ್ತು 1985ರ ತೂಕ-ಅಳತೆ ಕಾಯ್ದೆಗಳು. ಕೆಲಸ ಮಾಡುವವರು ರಾಜ್ಯ ಸರ್ಕಾರದ ನಿರೀಕ್ಷಕರು. ಕರ್ನಾಟಕದಲ್ಲಿ ಇವರದು ಕಾನೂನು ಮಾಪನಶಾಸ್ತ್ರ ಇಲಾಖೆ. ಹಳಬರ ಬಾಯಲ್ಲಿ ಇಂದಿಗೂ ತೂಕ ಮತ್ತು ಅಳತೆಯವರು. ತಕ್ಕಡಿ, ತೂಕದ ಬಟ್ಟು, ಅಳತೆ ಪಾತ್ರೆಗಳಿಗೆ ಎರಡು ವರ್ಷಕ್ಕೊಮ್ಮೆ ಸತ್ಯಾಪನೆಯಾದರೆ ಸಾಕು. ಪೆಟ್ರೋಲ್ ಬಂಕಿನ ಯಂತ್ರಕ್ಕೆ ಮಾತ್ರ ಪ್ರತಿ ವರ್ಷ ಆಗಬೇಕು.

ಪರೀಕ್ಷೆಯ ವಿಧಾನ ಸರಳ, ಆದರೆ ಅದರಲ್ಲಿ ನಾಜೂಕಿದೆ. ಕತ್ತು ಕಿರಿದಾದ ಐದು ಲೀಟರಿನ ಲೋಹದ ಪಾತ್ರೆಯನ್ನು ಸಮತಟ್ಟಾದ ಜಾಗದಲ್ಲಿ ಇಡುತ್ತಾರೆ. ಮೊದಲ ಬಾರಿ ತುಂಬಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋಡೆಗೆ ಅಂಟಿಕೊಳ್ಳುವ ಹನಿಗಳ ಸಲುವಾಗಿ ಪಾತ್ರೆಯನ್ನು ತೋಯಿಸಿ ಬಗ್ಗಿಸಿ, ಸ್ವಲ್ಪ ಹೊತ್ತು ಸೋರಲು ಬಿಟ್ಟು, ಆಮೇಲೆ ನಿಜವಾದ ಪರೀಕ್ಷೆ. ಡಿಸ್‌ಪ್ಲೇ 5.00 ತೋರಿಸಿದಾಗ ನಿಲ್ಲಿಸಿ ಕತ್ತಿನ ಗೆರೆ ನೋಡುತ್ತಾರೆ. ಹೆಚ್ಚುಕಡಿಮೆಗೆ ಇರುವ ಅವಕಾಶ ಶೇ 0.5, ಅಂದರೆ ಐದು ಲೀಟರಿಗೆ 25 ಮಿಲಿಲೀಟರ್. ಕತ್ತು ಕಿರಿದಾಗಿರುವುದು ಇದಕ್ಕೇ. ಕೆಲವೇ ಮಿಲಿಲೀಟರ್ ವ್ಯತ್ಯಾಸವಾದರೂ ಮಟ್ಟ ಕಣ್ಣಿಗೆ ಕಾಣುವಷ್ಟು ಏರಿಳಿಯುತ್ತದೆ. ಈ ಪಾತ್ರೆಯ ಹಿಂದೆ ಒಂದು ಸರಪಳಿಯೇ ಇದೆ. ನಿರೀಕ್ಷಕರ ಪಾತ್ರೆಯನ್ನು ರಾಜ್ಯದ ಪ್ರಯೋಗಾಲಯದ ಮಾನಕದೊಂದಿಗೆ, ಅದನ್ನು ಬೆಂಗಳೂರು, ಅಹಮದಾಬಾದ್, ಭುವನೇಶ್ವರ, ಫರೀದಾಬಾದ್, ಗುವಾಹಟಿಗಳಲ್ಲಿರುವಂಥ ಪ್ರಾದೇಶಿಕ ಮಾನಕ ಪ್ರಯೋಗಾಲಯಗಳಲ್ಲಿ, ಅವುಗಳನ್ನು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಮಾನಕಗಳೊಂದಿಗೆ ತಾಳೆ ನೋಡುತ್ತಾರೆ. ನಮ್ಮ ಊರಿನ ಬಂಕಿನ ಲೀಟರು ಈ ದಾರಿಯಲ್ಲಿ ಅಂತರರಾಷ್ಟ್ರೀಯ ಮಾನಕದವರೆಗೂ ಹೋಗಿ ಮುಟ್ಟುತ್ತದೆ. ಈ ವ್ಯವಸ್ಥೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಸರ್ಕಾರ ಸದ್ದಿಲ್ಲದೆ ಚೆನ್ನಾಗಿ ಮಾಡುವ ಕೆಲವೇ ಕೆಲಸಗಳಲ್ಲಿ ಇದೂ ಒಂದು.

ಈಗ ಚಿಪ್ಪಿನ ಲೆಕ್ಕ ಹಾಕಿ ನೋಡಿ. ಲೀಟರಿಗೆ 60 ಮಿಲಿಲೀಟರ್ ಎಂದರೆ ಐದು ಲೀಟರಿಗೆ 300. ಅನುಮತಿ ಇರುವುದು 25. ಮಿತಿಯ ಹನ್ನೆರಡು ಪಟ್ಟು! ಇದನ್ನು ಕಂಡುಹಿಡಿಯಲು ದೆಹಲಿಯ ಪ್ರಯೋಗಾಲಯವೂ ಬೇಡ, ಕಿರಿದಾದ ಕತ್ತೂ ಬೇಡ. ಮನೆಯ ಹಾಲಿನ ಪಾತ್ರೆಯಲ್ಲಿ ಅಳೆದರೂ ಗೊತ್ತಾಗುತ್ತದೆ. ಈ ಮೋಸಕ್ಕೆ ಸೂಕ್ಷ್ಮತೆ ಎಂಬುದೇ ಇರಲಿಲ್ಲ. ಅದು ನಿಂತದ್ದು ಒಂದೇ ಆಧಾರದ ಮೇಲೆ: ಪಾತ್ರೆ ಎದುರಿಗೆ ಬಂದಾಗ ಚಿಪ್ ಮಲಗಿರಬೇಕು. ನಿರೀಕ್ಷಕರ ಜೀಪು ಆವರಣಕ್ಕೆ ತಿರುಗಿದಾಗ ಕ್ಯಾಬಿನ್‌ನಲ್ಲಿ ಕೂತವನು ಜೇಬಿನಲ್ಲಿದ್ದ ಗುಂಡಿ ಒತ್ತಿದರೆ ಮುಗಿಯಿತು. ಅಲ್ಲಿಂದ ಮುಂದೆ ಯಂತ್ರ ಅಪ್ಪಟ ಸತ್ಯವಂತ. ನಿರೀಕ್ಷಕರು ತೋಯಿಸಿ, ಸೋರಿಸಿ, ಗೆರೆ ನೋಡಿ, ಪ್ರಮಾಣಪತ್ರ ಬರೆದು ಹೋಗುತ್ತಾರೆ. ಪ್ರಮಾಣಪತ್ರದಲ್ಲಿ ಬರೆದದ್ದು ಆ ಅರ್ಧ ಗಂಟೆಯ ಮಟ್ಟಿಗೆ ಅಕ್ಷರಶಃ ನಿಜ.

ಇದೇ ತರ್ಕವನ್ನು ಜಗತ್ತು 2015ರಲ್ಲಿ ಇನ್ನೂ ದೊಡ್ಡ ಅಳತೆಯಲ್ಲಿ ಕಂಡಿತ್ತು. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿದ್ದ ತಂತ್ರಾಂಶ ಹೊಗೆ ತಪಾಸಣೆ ನಡೆಯುತ್ತಿದೆ ಎಂಬುದನ್ನು ತಾನೇ ಗುರುತಿಸಿ ಆಗ ಮಾತ್ರ ಕಡಿಮೆ ಹೊಗೆ ಉಗುಳುತ್ತಿತ್ತು. ಜರ್ಮನಿಯ ಎಂಜಿನಿಯರ್‌ಗಳು ತಂತ್ರಾಂಶ ಬರೆದು ಮಾಡಿದ್ದನ್ನು ಲಖನೌದಲ್ಲಿ ಮೂರು ಸಾವಿರ ರೂಪಾಯಿಯ ಚಿಪ್ಪು ಮತ್ತು ಒಂದು ಹೆಬ್ಬೆರಳು ಮಾಡಿದವು. ತಪಾಸಣೆಯ ಗಳಿಗೆ ಯಾವುದೆಂದು ತಪಾಸಣೆಗೊಳಗಾಗುವವನಿಗೆ ಮೊದಲೇ ತಿಳಿದಿದ್ದರೆ ಪಾತ್ರೆಯ ನಿಖರತೆಯಿಂದ ಏನೂ ಪ್ರಯೋಜನವಿಲ್ಲ.

ಇಲಾಖೆಯವರೂ ಶಾಮೀಲಾಗಿದ್ದರೇ ಎಂಬ ಪ್ರಶ್ನೆ ಆಗ ಸಹಜವಾಗಿ ಎದ್ದಿತು. ಕೆಲವರ ಮೇಲೆ ಅನುಮಾನಕ್ಕೆ ಕಾರಣ ಇದ್ದಿರಬಹುದು. ಆದರೆ ಎಲ್ಲವನ್ನೂ ಲಂಚದ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಈ ಪ್ರಕರಣವನ್ನು ತಪ್ಪಾಗಿ ಓದಿದಂತೆ. ಸತ್ಯಹರಿಶ್ಚಂದ್ರನೇ ನಿರೀಕ್ಷಕನಾಗಿ ಬಂದಿದ್ದರೂ ಆ ವಿಧಾನದಲ್ಲಿ ಚಿಪ್ ಹಿಡಿಯುತ್ತಿರಲಿಲ್ಲ.

ಗ್ರಾಹಕನಿಗೇಕೆ ತಿಳಿಯಲಿಲ್ಲ

ಸ್ಕೂಟರಿಗೆ ಎರಡು ಲೀಟರ್ ಹಾಕಿಸಿದವನಿಗೆ ಹೋದದ್ದು 120 ಮಿಲಿಲೀಟರ್. ಆಗಿನ ದರ ಸುಮಾರು 70 ರೂಪಾಯಿ ಎಂದು ಹಿಡಿದರೆ ಎಂಟು ರೂಪಾಯಿ ಚಿಲ್ಲರೆ. ಮೈಲೇಜಿನಲ್ಲಿ ಶೇ 6ರ ಇಳಿಕೆಯನ್ನು ಯಾರು ಗುರುತಿಸುತ್ತಾರೆ? ಟೈರಿನ ಗಾಳಿ, ಹಿಂದೆ ಕೂತವರ ತೂಕ, ನಗರದ ಸಿಗ್ನಲ್ಲುಗಳು ಇದಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುತ್ತವೆ. ಕಾರಿನ ಇಂಧನ ಮುಳ್ಳು ಅಂದಾಜು ತೋರಿಸುತ್ತದೆಯೇ ಹೊರತು ಅಳತೆಯನ್ನಲ್ಲ.

ನಮ್ಮ ಕಡೆ ಅನೇಕರು ನೂರು ರೂಪಾಯಿಗೆ ಹಾಕಿಸದೆ ಬುದ್ಧಿವಂತಿಕೆಯಿಂದ ನೂರಹತ್ತಕ್ಕೆ ಹಾಕಿಸುತ್ತಾರೆ. ದುಂಡು ಮೊತ್ತಗಳಿಗೇ ಯಂತ್ರದಲ್ಲಿ ಮೋಸ ಅಳವಡಿಸಿರುತ್ತಾರೆ ಎಂಬ ನಂಬಿಕೆ ಅದು. ಮಿಡಿತ ಸೇರಿಸುವ ಚಿಪ್ಪಿಗೆ ಮೊತ್ತದ ಗೊಡವೆ ಇಲ್ಲ. ನೂರಕ್ಕೂ ಶೇ 6, ನೂರಹತ್ತಕ್ಕೂ ಶೇ 6, ಟ್ಯಾಂಕ್ ಪೂರ್ತಿ ಮಾಡಿಸಿದರೂ ಶೇ 6. ಮೀಟರ್ ಸೊನ್ನೆಯಿಂದ ಶುರುವಾಯಿತೇ ಎಂದು ಇಣುಕಿ ನೋಡುವುದು ಒಳ್ಳೆಯ ಅಭ್ಯಾಸವೇ, ಆದರೆ ಅದು ಹಿಡಿಯುವುದು ಬೇರೊಂದು ಬಗೆಯ ಕಳ್ಳತನವನ್ನು. ಐದು ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕನಿಗಿದೆ. ರಿಮೋಟ್ ಇರುವ ಬಂಕಿನಲ್ಲಿ ಅದೂ ನಿರೀಕ್ಷಕರ ಪರೀಕ್ಷೆಯ ಗತಿಯನ್ನೇ ಕಾಣುತ್ತದೆ: ಪಾತ್ರೆ ತರಲು ಹುಡುಗ ಒಳಗೆ ಹೋಗಿ ಬರುವಷ್ಟರಲ್ಲಿ ಯಂತ್ರ ಸರಿಯಾಗಿರುತ್ತದೆ.

ಮಹಾರಾಷ್ಟ್ರದಿಂದ ಹುಬ್ಬಳ್ಳಿಗೆ

ಲಖನೌ ದಾಳಿಯ ಒಂದೆರಡು ತಿಂಗಳಲ್ಲೇ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ತಮ್ಮ ರಾಜ್ಯದಲ್ಲೂ ಇದೇ ಜಾಡು ಹಿಡಿದು ಹೊರಟರು. ಹಲವು ಜಿಲ್ಲೆಗಳ ಬಂಕ್‌ಗಳನ್ನು ಬಿಚ್ಚಿ ನೋಡಿದಾಗ ಕೈಚಳಕ ಪಲ್ಸರ್ ಕಾರ್ಡಿನಲ್ಲಿ, ಮುಖ್ಯ ಫಲಕದಲ್ಲಿ, ಕೆಲವೆಡೆ ಕೀಪ್ಯಾಡಿನಲ್ಲೇ ಸಿಕ್ಕಿತು. ತನಿಖೆ ಕರ್ನಾಟಕಕ್ಕೂ ಬಂತು. ಜಾಲದ ಮುಖ್ಯ ಆರೋಪಿಗಳಲ್ಲಿ ಒಬ್ಬನನ್ನು ಬಂಧಿಸಿದ್ದು ಹುಬ್ಬಳ್ಳಿಯಲ್ಲಿ. ಇಂಥ ಯಂತ್ರಗಳ ತಾಂತ್ರಿಕ ಕೆಲಸ ಬಲ್ಲವನು ಆತ. ಗಮನಿಸಬೇಕಾದ ಅಂಶ ಇದು. ಮುದ್ರೆ ಒಡೆಯದೆ ಎಲ್ಲಿ ಕೈ ಹಾಕಬಹುದು ಎಂಬ ಜ್ಞಾನ ಬಂಕ್ ಮಾಲೀಕನಿಗೆ ಇರುವುದಿಲ್ಲ, ದುರಸ್ತಿ ಮಾಡುವವನಿಗೆ ಇರುತ್ತದೆ. ಕಾಯ್ದೆ ಇದನ್ನು ಊಹಿಸಿಯೇ ತಯಾರಕ, ಮಾರಾಟಗಾರ, ದುರಸ್ತಿಗಾರ ಮೂವರಿಗೂ ಪರವಾನಗಿ ಕಡ್ಡಾಯ ಮಾಡಿದೆ. ಪರವಾನಗಿ ಇಲ್ಲದ ಎಲೆಕ್ಟ್ರಿಷಿಯನ್ ರಾತ್ರಿ ಹೊತ್ತು ಬಂದು ಹೊದಿಕೆ ಬಿಚ್ಚಿದರೆ ಏನು ಮಾಡುವುದು ಎಂಬುದಕ್ಕೆ ಪರವಾನಗಿ ಪುಸ್ತಕದಲ್ಲಿ ಉತ್ತರವಿಲ್ಲ.

ಈ ಪ್ರಕರಣಗಳ ನಂತರ ಪಲ್ಸರ್‌ಗೂ ಮುದ್ರೆ ಬೀಳಲಾರಂಭಿಸಿತು. ಒಳ್ಳೆಯದೇ. ಆದರೆ ಮುದ್ರೆಯ ಜಾಗ ಹೆಚ್ಚಿಸುವುದು ಹಿಂದಿನ ಮೋಸಕ್ಕೆ ಉತ್ತರ. ಮುಂದಿನ ಮೋಸ ಮುದ್ರೆಯಿಲ್ಲದ ಇನ್ನೊಂದು ಜಾಗ ಹುಡುಕಿಕೊಳ್ಳುತ್ತದೆ.

ದಂಡ ಎಷ್ಟು, ಲಾಭ ಎಷ್ಟು

ಮೋಸ ಮಾಡುವ ಉದ್ದೇಶದಿಂದ ಅಳತೆಯನ್ನು ತಿದ್ದಿದರೆ ಕಾಯ್ದೆಯ 26ನೇ ಕಲಮಿನಂತೆ ಮೊದಲ ಬಾರಿಗೆ 50,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಪ್ರಕರಣ ನಡೆದಾಗ ಇದ್ದ ಕಾನೂನು ಇದು.

12,000 ಲೀಟರಿನ ಒಂದು ಟ್ಯಾಂಕರ್ ಲೋಡನ್ನು ಶೇ 6 ಮೋಸದಲ್ಲಿ ಮಾರಿದರೆ ಎಷ್ಟು ಉಳಿಯುತ್ತದೆ? ಡಿಸ್‌ಪ್ಲೇ 12,000 ಲೀಟರಿಗೆ ಹಣ ವಸೂಲು ಮಾಡಿದೆ, ಹೊರಗೆ ಹೋಗಿರುವುದು 11,280. ಉಳಿದ 720 ಲೀಟರಿಗೆ 70 ರೂಪಾಯಿಯಂತೆ 50,400. ಒಂದೇ ಲೋಡಿನ ಕಳ್ಳಲಾಭ ಮೊದಲ ಅಪರಾಧದ ಗರಿಷ್ಠ ದಂಡವನ್ನು ಕಟ್ಟಿ ನಾನೂರು ರೂಪಾಯಿ ಮಿಗಿಸುತ್ತದೆ. ಚೆನ್ನಾಗಿ ನಡೆಯುವ ಬಂಕಿಗೆ ಇಂಥ ಲೋಡು ವಾರದಲ್ಲಿ ಹಲವು ಬಾರಿ ಬರುತ್ತದೆ. ಹೀಗಿರುವಾಗ ದಂಡಕ್ಕೆ ಹೆದರುವವರು ಯಾರು?

ಇದರಿಂದಾಗಿಯೇ ಪೊಲೀಸರು ಇಂಥ ಪ್ರಕರಣಗಳಲ್ಲಿ, 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ ವಂಚನೆಯ ಕಲಮನ್ನು ಸೇರಿಸುತ್ತಿದ್ದರು. ಅಲ್ಲಿ ಕಾನೂನಿನ ಒಂದು ತೊಡಕಿತ್ತು. ಮಾಪನಶಾಸ್ತ್ರ ಕಾಯ್ದೆಯ 51ನೇ ಕಲಮು, ಈ ಕಾಯ್ದೆಯಡಿ ಶಿಕ್ಷೆ ಇರುವ ಅಪರಾಧಕ್ಕೆ ದಂಡ ಸಂಹಿತೆಯ ತೂಕ-ಅಳತೆ ಸಂಬಂಧದ ವಿಧಿಗಳು ಅನ್ವಯಿಸುವುದಿಲ್ಲ ಎನ್ನುತ್ತದೆ. ಆರೋಪಿಗಳ ಪರ ವಕೀಲರು ಇದನ್ನೇ ಹಿಡಿದು, ಇದು ಪೂರ್ತಿ ಅಳತೆಯ ವಿಷಯ, ಆದ್ದರಿಂದ ಪೊಲೀಸ್ ಮೊಕದ್ದಮೆಯೇ ನಿಲ್ಲದು ಎಂದು ವಾದಿಸಿದರು. ಉತ್ತರ ಪ್ರದೇಶದ್ದೇ ಇಂಥದೊಂದು ಬಂಕ್ ಪ್ರಕರಣದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆಯಿತು. ದಂಡ ಸಂಹಿತೆಯ 264ರಿಂದ 267ರವರೆಗಿನ ತೂಕ-ಅಳತೆಯ ಕಲಮುಗಳು ಇಲ್ಲಿ ಅನ್ವಯಿಸವು. ಆದರೆ ವಂಚನೆ, ನಕಲಿ ದಾಖಲೆ ಸೃಷ್ಟಿಯಂಥ ಅಪರಾಧಗಳು ಬೇರೆಯೇ ಸ್ವರೂಪದವು, ಅವುಗಳಿಗೆ ಮೊಕದ್ದಮೆ ನಡೆಸಲು ಅಡ್ಡಿಯಿಲ್ಲ ಎಂದಿತು. ಅಳತೆ ತಿದ್ದುವುದು ಒಂದು ತಪ್ಪು, ತಿದ್ದಿದ ಅಳತೆ ತೋರಿಸಿ ಹಣ ಪಡೆಯುವುದು ಇನ್ನೊಂದು. ನನ್ನ ಮಟ್ಟಿಗೆ ಈ ಇಡೀ ಪ್ರಸಂಗದಲ್ಲಿ ಗ್ರಾಹಕನಿಗೆ ದಕ್ಕಿದ ಗಟ್ಟಿಯಾದ ಲಾಭ ಈ ತೀರ್ಪು.

ಟ್ಯಾಂಕಿಗೆ ರಿಮೋಟ್ ಇಲ್ಲ

ಡೀಲರ್‌ಗಳ ಪ್ರತಿಭಟನೆಯಲ್ಲಿ ಹುರುಳೇ ಇರಲಿಲ್ಲ ಎನ್ನಲಾರೆ. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 0.1ರಷ್ಟು ಹಿಗ್ಗುತ್ತದೆ. ಸುಡುಬಿಸಿಲಿನಲ್ಲಿ ಬಂದ 12,000 ಲೀಟರ್ ನೆಲದಡಿಯ ಟ್ಯಾಂಕಿನಲ್ಲಿ ಐದು ಡಿಗ್ರಿ ತಣಿದರೆ ಅರವತ್ತು ಲೀಟರ್ ಕಾಣದಂತಾಗುತ್ತದೆ. ಆವಿಯಾಗುವುದು ಬೇರೆ. ನಷ್ಟ ತುಂಬಿಕೊಳ್ಳಲು ಕೆಲವರು ಮೀಟರನ್ನು ಮಿತಿಯೊಳಗೇ ಕಡಿಮೆ ಕಡೆಗೆ ವಾಲಿಸಿಟ್ಟುಕೊಳ್ಳುವುದು ಆ ವಲಯದವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಅದು ಶೇ 0.5ರ ಒಳಗಿನ ಆಟ. ಶೇ 6 ಯಾವ ಬಿಸಿಲಿನಿಂದಲೂ ಹುಟ್ಟುವುದಿಲ್ಲ.

ಆ 720 ಲೀಟರಿನತ್ತ ಇನ್ನೊಮ್ಮೆ ನೋಡೋಣ. ಚಿಪ್ ಪಾತ್ರೆಯನ್ನು ವಂಚಿಸಬಲ್ಲದು, ಡಿಸ್‌ಪ್ಲೇಯನ್ನು, ಗ್ರಾಹಕನನ್ನು, ನಿರೀಕ್ಷಕರನ್ನು ವಂಚಿಸಬಲ್ಲದು. ನೆಲದಡಿಯ ಟ್ಯಾಂಕನ್ನು ವಂಚಿಸಲಾರದು. ಗ್ರಾಹಕನಿಗೆ ಸಿಗದ ಪ್ರತಿ ಹನಿ ಅಲ್ಲೇ ಉಳಿದಿರುತ್ತದೆ. ಬಂಕ್‌ಗಳಲ್ಲಿ ಪ್ರತಿದಿನ ಅಳತೆಯ ಕೋಲು ಇಳಿಸಿ ಟ್ಯಾಂಕಿನ ಮಟ್ಟ ಬರೆದಿಡುತ್ತಾರೆ. ಅನೇಕ ಕಡೆ ಈಗ ಸಂವೇದಕಗಳೇ ಅದನ್ನು ಕಂಪನಿಗೆ ಕಳಿಸುತ್ತವೆ. ಬಂದ ಲೋಡಿನ ಲೆಕ್ಕ ಇನ್‌ವಾಯ್ಸ್‌ನಲ್ಲಿದೆ. ಮಾರಾಟವಾದ ಒಟ್ಟು ಲೀಟರಿನ ಎಣಿಕೆ ಯಂತ್ರದ ಟೋಟಲೈಸರ್‌ನಲ್ಲಿದೆ. ಇದ್ದ ದಾಸ್ತಾನಿಗೆ ಬಂದದ್ದು ಸೇರಿಸಿ ಮಾರಿದ್ದು ಕಳೆದರೆ ಉಳಿಯಬೇಕಾದದ್ದಕ್ಕಿಂತ ಹೆಚ್ಚು ಟ್ಯಾಂಕಿನಲ್ಲಿದ್ದರೆ, ಅದೂ ತಿಂಗಳುಗಟ್ಟಲೆ ಒಂದೇ ದಿಕ್ಕಿನಲ್ಲಿ ಹೆಚ್ಚಿದ್ದರೆ, ಅದಕ್ಕೆ ಸಭ್ಯ ವಿವರಣೆ ಇಲ್ಲ. ತಣಿದರೆ, ಆವಿಯಾದರೆ ಇಂಧನ ಕಡಿಮೆಯಾಗುತ್ತದೆ, ಯಾವ ಬಂಕಿನಲ್ಲೂ ಅದು ತಿಂಗಳುಗಟ್ಟಲೆ ತಾನಾಗಿ ಬೆಳೆಯುತ್ತಾ ಹೋಗುವುದಿಲ್ಲ.

ಹಾಗಾದರೆ ಆ ಹೆಚ್ಚುವರಿಯನ್ನು ಪುಸ್ತಕದಲ್ಲಿ ಎಲ್ಲಿ ಅಡಗಿಸುವುದು? ಒಂದು ದಾರಿ ಟೆಸ್ಟಿಂಗ್ ಕಾಲಂ. ದಿನವೂ ಪ್ರತಿ ನಾಝಲ್‌ನಿಂದ ಐದು ಲೀಟರ್ ಅಳೆದು ಟ್ಯಾಂಕಿಗೆ ವಾಪಸು ಸುರಿಯುವುದು ರೂಢಿ. ಟೋಟಲೈಸರ್‌ನಲ್ಲಿ ಅದು ಮಾರಾಟದಂತೆ ದಾಖಲಾಗುವುದರಿಂದ ಲೆಕ್ಕದಲ್ಲಿ ಕಳೆಯುತ್ತಾರೆ. ಅಳೆಯದೇ ಇದ್ದದ್ದನ್ನೂ ಅಳೆದೆವೆಂದು ಬರೆದರೆ ಹೆಚ್ಚುವರಿ ಕರಗುತ್ತದೆ. ಆದರೆ ಇದಕ್ಕೆ ಪ್ರತಿದಿನ ಸುಳ್ಳು ಬರೆಯಬೇಕು, ಮತ್ತು ಆ ಸುಳ್ಳು ಕಾಗದದ ಮೇಲೆ ಉಳಿಯುತ್ತದೆ. ರಿಮೋಟ್ ಒತ್ತಿ ಅದನ್ನು ಅಳಿಸಲಾಗದು.

ನಿರೀಕ್ಷಕರು ಮಾಡಬಹುದಾದ ಇನ್ನೊಂದು ಕೆಲಸ ಹೇಳದೆ ಬರುವುದು. ಹೇಳದೆ ಎಂದರೆ ಇಲಾಖೆಯ ಜೀಪಿನಲ್ಲಿ ಅನಿರೀಕ್ಷಿತವಾಗಿ ಬರುವುದಲ್ಲ, ಸಾಮಾನ್ಯ ಕಾರಿನಲ್ಲಿ ಸಾಲಿನಲ್ಲಿ ನಿಂತು, ಖಾಲಿ ಮಾಡಿಟ್ಟ ಟ್ಯಾಂಕಿಗೆ ಇಂಧನ ಹಾಕಿಸಿಕೊಂಡು, ಆಚೆ ಹೋಗಿ ಇಳಿಸಿ ಅಳೆಯುವುದು. ಪಾತ್ರೆಯಷ್ಟು ಕರಾರುವಾಕ್ಕಾದ ಅಳತೆ ಇದರಲ್ಲಿ ಸಿಗದು. 25 ಮಿಲಿಲೀಟರಿನ ತಕರಾರಿಗೆ ಇದು ಸಾಕ್ಷಿಯಾಗಲಾರದು ಕೂಡ. ಆದರೆ ಹುಡುಕುತ್ತಿರುವುದು 300 ಮಿಲಿಲೀಟರನ್ನು. ಒರಟು ಅಳತೆಯೇ ಇಲ್ಲಿ ಹೆಚ್ಚು ನಿಜ ಹೇಳುತ್ತದೆ, ಏಕೆಂದರೆ ಯಂತ್ರಕ್ಕೆ ಅದು ಪರೀಕ್ಷೆಯೆಂದು ಯಾರೂ ತಿಳಿಸಿರುವುದಿಲ್ಲ.

ಪುಸ್ತಕ ನೋಡುವ ಅಧಿಕಾರ ಇಲ್ಲವೆಂದು ಇಲಾಖೆ ಹೇಳುವಂತಿಲ್ಲ. ಕಾಯ್ದೆಯ 15ನೇ ಕಲಮು ಆವರಣ ಪ್ರವೇಶಿಸಿ ಅಳತೆ ಸಾಧನವನ್ನಷ್ಟೇ ಅಲ್ಲ, ಅದಕ್ಕೆ ಸಂಬಂಧಿಸಿದ ದಾಖಲೆ, ರಿಜಿಸ್ಟರುಗಳನ್ನೂ ಪರಿಶೀಲಿಸಲು, ಬೇಕಾದರೆ ವಶಪಡಿಸಿಕೊಳ್ಳಲು ಅನುಮತಿ ಕೊಟ್ಟಿದೆ. ವಾರ್ಷಿಕ ಸತ್ಯಾಪನೆಗೆ ಬಂದ ದಿನ ಪಾತ್ರೆ ತುಂಬುವ ಮುಂಚೆ ಹಿಂದಿನ ಮೂರು ತಿಂಗಳ ದಾಸ್ತಾನು ರಿಜಿಸ್ಟರ್, ಇನ್‌ವಾಯ್ಸ್‌ಗಳು ಮತ್ತು ಟೋಟಲೈಸರ್‌ನ ಅಂಕಿಗಳನ್ನು ಒಂದೇ ಮೇಜಿನ ಮೇಲೆ ಇಡಿಸಿಕೊಂಡು, ಆಮೇಲೆ ಅಳತೆಯ ಕೋಲು ಇಳಿಸಿ ನೋಡಲು ಹೊಸ ಕಾನೂನೂ ಬೇಡ, ಹೊಸ ಉಪಕರಣವೂ ಬೇಡ. ಕೂಡುವ ಕಳೆಯುವ ಲೆಕ್ಕ ಬಂದರಾಯಿತು.